ಹೊಳೆಯಿಲ್ಲದ ಮೇಜು

ತೊಂಬತ್ತಮೂರರ ಮಳೆಗಾಲದಲ್ಲಿ ಅಂಕೋಲೆ ಬಸ್ ನಿಲ್ದಾಣದ ಹಿಂದಿನ ತುಳಸಿದಾಸನ ಸೋಡಾ ಅಂಗಡಿಗೆ ಒಂದು ಪೂಲ್ ಮೇಜು ಬಂತು. ಗೋವೆಯ ಯಾವುದೋ ಹೋಟೆಲು ಮಳೆಗೆಂದು ಬಾಗಿಲು ಹಾಕಿದ್ದು ಮತ್ತೆ ತೆಗೆಯಲೇ ಇಲ್ಲವಂತೆ. ಮೇಜು ಲಾರಿಯಲ್ಲಿ ಬಂದು, ಬಾಗಿಲಲ್ಲಿ ಹಿಡಿಸದೆ, ಹಿಂದಿನ ಕೋಣೆಯ ಕಿಟಕಿ ಒಡೆದು ಒಳಗೆ ಹೋಯಿತು. ತುಳಸಿದಾಸ ಹನ್ನೊಂದು ವರ್ಷ ಹಡಗಿನಲ್ಲಿದ್ದವನು. ಹಡಗಿನಿಂದ ಬಂದವರು ಟೇಪ್ ರೆಕಾರ್ಡರ್ ತರುತ್ತಾರೆ, ಕಂಬಳಿ ತರುತ್ತಾರೆ. ಇವನು ತಂದದ್ದು ಒಂದು ಅಭಿಪ್ರಾಯವನ್ನು. ಮನುಷ್ಯನ ಯೋಗ್ಯತೆ ತಿಳಿಯಬೇಕಾದರೆ ಅವನ ಜಾತಕ ನೋಡಬೇಕಾಗಿಲ್ಲ, ಅವನಿಂದ ಉದ್ದದ ನೇರ ಹೊಡೆತ ಹೊಡೆಸಿದರೆ ಸಾಕು ಎಂಬುದು ಆ ಅಭಿಪ್ರಾಯ.

ಬಿಳಿ ಚೆಂಡು ಮೇಜಿನ ಈ ಮೂಲೆಯಲ್ಲಿ, ಬಣ್ಣದ ಚೆಂಡು ನಟ್ಟನಡುವೆ, ಪಾಕೆಟ್ಟು ಆಚೆಯ ಮೂಲೆಯಲ್ಲಿ. ಮೂರೂ ಒಂದೇ ಗೆರೆಯ ಮೇಲೆ. ಕೋಲಿನಿಂದ ಬಿಳಿಯನ್ನು ಹೊಡೆದರೆ ಬಣ್ಣದ್ದು ಹೋಗಿ ಪಾಕೆಟ್ಟಿಗೆ ಬೀಳಬೇಕು, ಬಿಳಿ ಮಾತ್ರ ಬಡಿದ ಜಾಗದಲ್ಲೇ ಮೊಳೆ ಹೊಡೆದಂತೆ ನಿಲ್ಲಬೇಕು. ಕೂಸಿಗೂ ಅರ್ಥವಾಗುವ ಸಂಗತಿ. ಓರೆ ಹೊಡೆತ ತಪ್ಪಿದರೆ ಓರೆಯನ್ನು ಬೈಯಬಹುದು. ಇಲ್ಲಿ ತಪ್ಪಿದರೆ ಬೈಯಲು ತನ್ನನ್ನು ಬಿಟ್ಟು ಯಾರೂ ಸಿಗುವುದಿಲ್ಲ. ಹಾಗಾಗಿ ಅಂಕೋಲೆಯ ಜನ ಆ ಹೊಡೆತವನ್ನು ಸಾಮಾನ್ಯವಾಗಿ ಹೊಡೆಯುತ್ತಿರಲಿಲ್ಲ.

ಶನಿಯಾರ ಆ ಕೋಣೆಗೆ ಮೊದಲು ಬಂದದ್ದು ನೆರಳಿಗೆ. ಅವನು ಮಂಜಗುಣಿ ತಾರಿಯ ದೋಣಿಗೆ ಗಳ ಹಾಕುವವನು. ಗಂಗಾವಳಿ ಹೊಳೆ ಸಮುದ್ರ ಸೇರುವಲ್ಲಿ, ಬಡಗು ದಡದ ಮಂಜಗುಣಿಯಿಂದ ತೆಂಕು ದಡಕ್ಕೆ ಜನರನ್ನು ದಾಟಿಸುವುದು, ಅಲ್ಲಿಯವರನ್ನು ಇಲ್ಲಿಗೆ ತರುವುದು. ಅಪ್ಪ ಮಾಡಿದ ಕೆಲಸ, ಇಪ್ಪತ್ತು ವರ್ಷದಿಂದ ಇವನೂ ಮಾಡುತ್ತಿದ್ದ. ಒಂದು ದಿನ ಇವನ ಪಾಳಿ, ಮರುದಿನ ಬೀರಾನದು. ಬಿಡುವಿನ ದಿನ ಹೆಂಡತಿ ಸುಕ್ರಿಯನ್ನೂ ಅವಳು ಹೊಳೆಯಲ್ಲಿ ಹೆಕ್ಕಿದ ಬಳಚು ಚಿಪ್ಪಿಯ ಬುಟ್ಟಿಯನ್ನೂ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಅಂಕೋಲೆಗೆ ಬರುತ್ತಿದ್ದ. ಅವಳು ಪೇಟೆಯಲ್ಲಿ ಬಳಚು ಮಾರಿ ಮುಗಿಸುವವರೆಗೆ ಅವನಿಗೆ ಮಾಡಲು ಕೆಲಸವಿಲ್ಲ.

"ಗಳ ಹಿಡ್ದ ಕೈ ಅಲ್ದ ನಿಂದು? ಇದೂ ಒಂದು ಗಳವೇ. ಹಿಡ್ದು ನೋಡ್ವ," ಎಂದು ತುಳಸಿದಾಸ ಕೋಲು ಕೊಟ್ಟ.

ಶನಿಯಾರ ಹಿಡಿದ. ಹತ್ತಿರದ ಚೆಂಡುಗಳು ಒಂದೊಂದಾಗಿ ಒಳಗೆ ಹೋದವು. ಅವನ ಕೈ ನಡುಗುತ್ತಿರಲಿಲ್ಲ, ಕಾಲು ಕದಲುತ್ತಿರಲಿಲ್ಲ. ತೂಗುವ ದೋಣಿಯ ಅಂಚಿನಲ್ಲಿ ಇಪ್ಪತ್ತು ವರ್ಷ ನಿಂತವನಿಗೆ ಸಿಮೆಂಟು ನೆಲ ದೊಡ್ಡ ಸವಾಲೇನೂ ಅಲ್ಲ. ಆದರೆ ಉದ್ದದ ನೇರ ಹೊಡೆತಕ್ಕೆ ಬಂದಾಗ ಹತ್ತರಲ್ಲಿ ಮೂರು ಹೋದವು. ಇನ್ನೊಂದು ದಿನ ಐದು. ಮತ್ತೊಂದು ದಿನ ಎರಡು.

"ಆಗೂದಿಲ್ಲ ಬಿಡು," ಎಂದ ತುಳಸಿದಾಸ. "ನನ್ನ ಕ್ಯಾಪ್ಟನ್‌ಗೂ ಆಗ್ತಿರ್ಲಿಲ್ಲ. ಅಂವ ಇಡೀ ಹಡಗು ನಡಸ್ತಿದ್ದ."

ಬಿಡಬಹುದಾಗಿತ್ತು. ಬಿಡದಂತೆ ಮಾಡಿದ್ದು ಡಿಸೆಂಬರಿನಲ್ಲಿ ಬಂದ ಎರಡು ಸುದ್ದಿಗಳು. ಮೊದಲನೆಯದನ್ನು ತಾರಿಯ ಗುತ್ತಿಗೆ ಹಿಡಿದಿದ್ದ ಕುಮಾರ ತಂದ. ಏಪ್ರಿಲಿನಿಂದ ಯಂತ್ರದ ದೋಣಿ ಬರುತ್ತದೆ. ಗಳದವರು ಇಬ್ಬರು ಬೇಡ, ಯಂತ್ರದವನು ಒಬ್ಬ ಸಾಕು. ಬೀರಾನ ಅಳಿಯನಿಗೆ ಯಂತ್ರ ಗೊತ್ತಿದೆ. ಎರಡನೆಯದನ್ನು ತಂದವನು ತುಳಸಿದಾಸ. ಕಾರವಾರದ ಒಂದು ಹಳೆಯ ಕ್ಲಬ್ಬಿನಲ್ಲಿ ಗೆದ್ದಲು ತಿಂದ ಬಿಲಿಯರ್ಡ್ಸ್ ಮೇಜನ್ನು ತೆಗೆದು ಹೊಸ ಪೂಲ್ ಮೇಜು ಹಾಕಿದ್ದಾರೆ. ಮಾರ್ಕರ್ ಬೇಕಂತೆ. ಮಾರ್ಕರ್ ಅಂದರೆ ಮೇಜಿನ ಬಟ್ಟೆ ಉಜ್ಜಿ, ಕೋಲುಗಳ ತುದಿ ನೋಡಿಕೊಂಡು, ಜೊತೆ ಸಿಗದ ಸದಸ್ಯರ ಜೊತೆ ತಾನೇ ಆಡುವವನು. ತಿಂಗಳ ಸಂಬಳ, ಇರಲು ಹಿಂದೊಂದು ಕೋಣೆ. ಕ್ಲಬ್ಬಿನ ಕಾರ್ಯದರ್ಶಿ ಮಧುಕರರದು ಒಂದೇ ಷರತ್ತು. ಉದ್ದದ ನೇರ ಹೊಡೆತ, ಹತ್ತರಲ್ಲಿ ಎಂಟು. ಬಿಳಿ ಅಲ್ಲಾಡದೆ ನಿಂತರೆ ಮಾತ್ರ ಲೆಕ್ಕ. ಪರೀಕ್ಷೆ ಮಾರ್ಚಿನಲ್ಲಿ.

"ನಾ ಹೋಗ್ತೆ," ಎಂದ ಶನಿಯಾರ.

"ಹತ್ತರಲ್ಲಿ ಮೂರು ತಕಂಡಾ?"

"ಮೂರು ತಿಂಗ್ಳಿದೆಯಲ್ಲ."

ಸುಕ್ರಿಗೆ ಇದು ಸೈಕಲ್ಲಿನ ಮೇಲೆ ತಿಳಿಯಿತು. ಬೊಬ್ರುವಾಡದ ತಿರುವು ದಾಟಿದ ಮೇಲೆ, "ಪ್ರಾಯ ನಲವತ್ತರ ಹತ್ರ ಬಂತು. ಈಗ ಗೋಲಿ ಆಡೂಕೆ ಕಲಿತೆ," ಎಂದಳು.

"ಗೋಲಿ ಅಲ್ಲ ಅದು."

"ಗೋಲಿಯೇ. ಮಂಡಿ ನೋಯ್ತದೆ ಹೇಳಿ ದೊಡ್ಡವ್ರು ಮೇಜು ಕಟ್ಕಂಡಿದ್ದಾರೆ, ಅಷ್ಟೆ."

ಹೀಗೆ ದಿನ ಬಿಟ್ಟು ದಿನ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಕಲಿಕೆ ಶುರುವಾಯಿತು. ಸಲಹೆಗೆ ಕೊರತೆ ಇರಲಿಲ್ಲ. ಗಲ್ಲ ಕೋಲಿಗೆ ತಾಗಬೇಕು ಎಂದ ತುಳಸಿದಾಸ. ಗಲ್ಲ ತಾಗಿ ತಾಗಿ ಶನಿಯಾರನ ಗಡ್ಡದ ನಡುವೆ ಒಂದು ದಾರಿ ಬಿತ್ತು. ಕೋಲನ್ನು ಹಕ್ಕಿಯ ಹಾಗೆ ಹಿಡಿಯಬೇಕು, ಹಾರಲೂಬಾರದು, ಸಾಯಲೂಬಾರದು ಎಂದರು ಕೇಶವ ಮಾಸ್ತರು. ಇವರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಆಡುತ್ತಿರಲಿಲ್ಲ. ಕಿಟಕಿ ಒಡೆದ ಜಾಗದ ಪಕ್ಕದ ಕುರ್ಚಿಯಲ್ಲಿ ಕುಳಿತು ಶರಬತ್ತು ಕುಡಿಯುತ್ತ ಇತರರು ಯಾಕೆ ತಪ್ಪುತ್ತಾರೆಂದು ಯೋಚಿಸುತ್ತಿದ್ದರು. ಬದುಕಿನುದ್ದಕ್ಕೂ ಗೆರೆ ಎಳೆದವರಾದ್ದರಿಂದ ನೇರದ ವಿಷಯದಲ್ಲಿ ತಮ್ಮದು ಕೊನೆಯ ಮಾತು ಎಂಬ ನಂಬಿಕೆ ಅವರಿಗಿತ್ತು.

"ಕೈಯ್ದು ತಪ್ಪಲ್ಲ, ಕಣ್ಣಿಂದು," ಎಂದರು ಮಾಸ್ತರು. "ಪ್ರತಿ ಮನುಷ್ಯಂಗೂ ಒಂದು ಕಣ್ಣು ಯಜಮಾನ, ಒಂದು ಆಳು. ನೀ ಆಳಿನ ಮಾತು ಕೇಳ್ತಾ ಇದ್ದೆ."

ಒಂದು ವಾರ ಶನಿಯಾರ ಎಡಗಣ್ಣು ಮುಚ್ಚಿ ಹೊಡೆದ. ಒಂದು ವಾರ ಬಲಗಣ್ಣು. ಸೋಡಾ ಕುಡಿಯಲು ಬಂದ ಹೆಂಗಸೊಬ್ಬಳು ಅಪಾರ್ಥ ಮಾಡಿಕೊಂಡು ತುಳಸಿದಾಸನಿಗೆ ದೂರು ಕೊಟ್ಟು ಹೋದಳು. ಪ್ರಯೋಜನವಾಗಲಿಲ್ಲ.

ವಿಚಿತ್ರವೆಂದರೆ, ನಡುವೆ ಚೆಂಡಿಲ್ಲದೆ ಬರೀ ಬಿಳಿಯನ್ನು ಮೇಜಿನ ಆಚೆ ಅಂಚಿಗೆ ಹೊಡೆದರೆ ಅದು ನೂಲು ಹಿಡಿದಂತೆ ಹೋಗಿ ನೂಲು ಹಿಡಿದಂತೆ ಮರಳಿ ಬಂದು ಕೋಲಿನ ತುದಿಗೇ ತಾಗುತ್ತಿತ್ತು. ಅಂದರೆ ಹೊಡೆತ ಸರಿ ಇತ್ತು. ಆಚೆ ಮೂಲೆಯ ಪಾಕೆಟ್ಟಿಗೆ ಚೆಂಡು ಮುಟ್ಟಿಸಬೇಕು ಅಂದೊಡನೆ ಏನೋ ಆಗುತ್ತಿತ್ತು. ಅದೂ ಒಂದೇ ಥರ ಅಲ್ಲ. ಕೆಲವು ದಿನ ಚೆಂಡೆಲ್ಲ ಎಡಕ್ಕೆ, ಕೆಲವು ದಿನ ಎಲ್ಲ ಬಲಕ್ಕೆ. ಮಾಸ್ತರು ಹಳೆಯ ಕ್ಯಾಲೆಂಡರಿನಲ್ಲಿ ದಿನದಿನದ ಚೌಕದೊಳಗೆ ಒಂದು ಸಣ್ಣ ಬಾಣ ಬರೆದಿಡತೊಡಗಿದರು. ಒಂದೇ ಕಡೆ ತಪ್ಪುವವನಿಗೆ ಮದ್ದಿದೆ. ಎರಡೂ ಕಡೆ ತಪ್ಪುವವನು ದೇವರಿಗೆ ಸೇರಿದವನು ಎಂದು ತುಳಸಿದಾಸ ಕೈಚೆಲ್ಲಿದ.

ಜನವರಿಯ ಒಂದು ದಿನ ಬಳಚು ಬೇಗ ಖರ್ಚಾಯಿತು. ಸುಕ್ರಿ ಖಾಲಿ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಅಂಗಡಿಗೆ ಬಂದಳು. ಒಳಗೆ ಬರಲಿಲ್ಲ, ಹಿಂದಿನ ಕೋಣೆಯ ಹೊಸ್ತಿಲ ಮೇಲೆ ನಿಂತಳು. ಶನಿಯಾರ ಬಾಗಿದ್ದ. ಹೊಡೆದ. ಚೆಂಡು ಪಾಕೆಟ್ಟಿನ ಎಡತುಟಿಗೆ ಬಡಿದು ಹೊರಳಿತು. ಇನ್ನೊಂದು. ಎಡಕ್ಕೆ. ಇನ್ನೊಂದು. ಎಡಕ್ಕೆ.

"ಹೊಡಿಯೂಕೆ ಮುಂಚೆ ಮೊಣಕೈಗೆ ಎಂತ ಮಾಡ್ತೆ ನೀನು?" ಎಂದಳು ಸುಕ್ರಿ.

"ಎಂತದೂ ಮಾಡೂದಿಲ್ಲ."

"ಮಾಡ್ತೆ. ಕಡೇಗೆ ಒಂಚೂರು ಮೇಲೆ ತಗೀತೆ." ಅವಳು ಕಿಟಕಿಯ ಕಡೆ ತಿರುಗಿ ಬಿಸಿಲು ನೋಡಿದಳು. "ನಾಡದು ಹುಣ್ಣಿಮೆ. ಈಗ ಇಳಿತ. ನೀರು ಸಮುದ್ರಕ್ಕೆ ಎಳೀತಾ ಇದೆ. ಅದ್ಕೇ ನೀ ಚೆಂಡು ರಾಮನಗುಳಿ ಬದಿಗೆ ಹೊಡಿತಾ ಇದ್ದೆ."

ರಾಮನಗುಳಿ ಇರುವುದು ಯಲ್ಲಾಪುರದ ದಾರಿಯಲ್ಲಿ, ಹೊಳೆಯ ಮೇಲ್ಮುಖಕ್ಕೆ. ಕೇಶವ ಮಾಸ್ತರು ಶರಬತ್ತಿನ ಲೋಟ ಕೆಳಗಿಟ್ಟು ಎದ್ದರು. ಕ್ಯಾಲೆಂಡರಿನ ಬಾಣಗಳನ್ನು ತಿಥಿಯ ಜೊತೆ ಹೋಲಿಸಿ ನೋಡಿದರು. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ, ಮಧ್ಯಾಹ್ನ ಇಳಿತ ಇರುವಾಗ, ಬಾಣವೆಲ್ಲ ಎಡಕ್ಕೆ. ಅಷ್ಟಮಿ ನವಮಿಯ ಸುತ್ತ, ಮಧ್ಯಾಹ್ನ ಭರತಿಯ ನೀರು ಒಳಗೆ ನುಗ್ಗುವಾಗ, ಬಾಣವೆಲ್ಲ ಬಲಕ್ಕೆ. ಶನಿಯಾರ ಯಾವಾಗಲೂ ಬಡಗಿನಿಂದ ತೆಂಕಿಗೆ ಹೊಡೆಯುತ್ತಿದ್ದ, ಮಂಜಗುಣಿಯಿಂದ ಆಚೆ ದಡಕ್ಕೆ ಹೋದ ಹಾಗೆ. ಮೂಡಣದ ಮೇಲ್ಹೊಳೆ ಅವನ ಎಡಕ್ಕೆ.

"ಈ ಬದಿಯಿಂದ ಹೊಡಿ," ಎಂದರು ಮಾಸ್ತರು, ಮೇಜಿನ ಇನ್ನೊಂದು ತುದಿ ತೋರಿಸಿ.

ಅಲ್ಲಿಂದ ಹೊಡೆದಾಗ ಚೆಂಡು ಬಲಕ್ಕೆ ತಪ್ಪಿತು. ಅಂದರೆ ಮತ್ತೆ ರಾಮನಗುಳಿ ಬದಿಗೇ.

ಮಾಸ್ತರಿಗೆ ಬೇಸರವಾದದ್ದು ಮುಖದಲ್ಲಿ ಕಂಡಿತು. ಆರು ವಾರ ಯೋಚಿಸಿದ್ದು ತಾವು. ಉತ್ತರ ಹೇಳಿದ್ದು ಬಳಚು ಮಾರುವವಳು. "ನಾನೂ ಅದೇ ದಾರಿಯಲ್ಲಿ ಇದ್ದೆ," ಎಂದರು.

ತುಳಸಿದಾಸ ಮಾತ್ರ ನಗುತ್ತ ಗೋಡೆಗೆ ಒರಗಿಬಿಟ್ಟಿದ್ದ. "ಇದು ಮೇಜು ಮಾರಾಯಾ. ಇದ್ರಲ್ಲಿ ಹೊಳೆ ಇಲ್ಲ."

"ಗೊತ್ತು ನಂಗೆ," ಎಂದ ಶನಿಯಾರ. ಅವನಿಗೆ ನಗು ಬಂದಿರಲಿಲ್ಲ. ದೋಣಿಯನ್ನು ಆಚೆಯ ಕಟ್ಟೆಗೆ ಮುಟ್ಟಿಸಬೇಕಾದರೆ ಕಟ್ಟೆಗೆ ಗುರಿ ಇಡುವವನು ಹುಚ್ಚ. ನೀರು ಎಳೆಯುವುದಕ್ಕೆ ಸರಿಯಾಗಿ ಮೇಲೆ ಗುರಿ ಇಡಬೇಕು. ಇದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಅಪ್ಪನ ಗಳದ ಹಿಂದೆ ನಿಂತು ನಿಂತು ಮೈಯೇ ಕಲಿತುಕೊಂಡಿತ್ತು. ಯಾವ ಹೊತ್ತಿಗೆ ನೀರು ಯಾವ ಕಡೆ ಎಂದು ಅವನು ಲೆಕ್ಕ ಹಾಕಬೇಕಾಗಿಯೂ ಇರಲಿಲ್ಲ, ಹಸಿವಿನ ಹಾಗೆ ಗೊತ್ತಾಗುತ್ತಿತ್ತು. ದೂರದಲ್ಲಿ ತಲುಪಬೇಕಾದ ಜಾಗ ಕಂಡೊಡನೆ ಮೊಣಕೈ ತಾನಾಗಿ ನೀರಿಗೆ ಅದರ ಪಾಲು ಕೊಟ್ಟುಬಿಡುತ್ತಿತ್ತು.

ತಪ್ಪು ಗೊತ್ತಾದರೆ ಅರ್ಧ ಗುಣವಾದಂತೆ ಎಂದು ವೈದ್ಯರು ಹೇಳುತ್ತಾರೆ. ಶನಿಯಾರನಿಗೆ ಉಲ್ಟಾ ಆಯಿತು. ಮೇಲಕ್ಕೆ ಕೊಡಬಾರದು ಎಂದು ನೆನೆಸಿಕೊಂಡು ಹೊಡೆದರೆ ಚೆಂಡು ಸಮುದ್ರದ ಬದಿಗೆ ಹೋಯಿತು. ಹತ್ತರಲ್ಲಿ ಒಂದು. ಆ ಒಂದೂ ಪಕ್ಕದ ಪಾಕೆಟ್ಟಿಗೆ. ಆದರೂ ಅವನು ಬರುವುದು ನಿಲ್ಲಿಸಲಿಲ್ಲ. ಕೋಲು ತೆಗೆದು, ಚೆಂಡು ಇಟ್ಟು, ಬಾಗಿ, ಹೊಡೆದು, ಮತ್ತೆ ಇಡುತ್ತಿದ್ದ. ಮೂರು ಗಂಟೆಯಲ್ಲಿ ಇನ್ನೂರು ಸಲ. ಬೇರೆಯವರು ಆಡಲು ಬಂದರೆ ಗೋಡೆಗೆ ಒರಗಿ ನಿಂತು ಬರಿಗೈಯಲ್ಲೇ ಮೊಣಕೈ ಆಡಿಸುತ್ತಿದ್ದ.

ಉಪಾಯ ಸಿಕ್ಕಿದ್ದು ಅವನಿಗೇ. ಆಚೆ ದಡ ಕಾಣುತ್ತದೆ, ಅದಕ್ಕೇ ಮೈಗೆ ಹೊಳೆ ನೆನಪಾಗುತ್ತದೆ. ಆಚೆ ದಡವೇ ಇಲ್ಲದಿದ್ದರೆ?

"ದಾಸಾ, ಒಂದು ಗೋಣಿ ಕೊಡು."

ಗೋಣಿಯನ್ನು ಮೇಜಿನ ಆಚೆ ತುದಿಗೆ ಅಡ್ಡಲಾಗಿ ಹಗ್ಗದಲ್ಲಿ ಇಳಿಬಿಟ್ಟರು, ಕೆಳಗಿನಿಂದ ಚೆಂಡು ತೂರಿ ಹೋಗುವಷ್ಟು ಬಿಟ್ಟು. ಶನಿಯಾರ ನಿಂತುಕೊಂಡು ಗೆರೆ ನೋಡುವಾಗ ಗೋಣಿ ಮೇಲೆ. ಅವನು ಬಾಗಿದೊಡನೆ ತುಳಸಿದಾಸ ಹಗ್ಗ ಸಡಿಲಿಸುತ್ತಿದ್ದ, ಪಾಕೆಟ್ಟು ಮಾಯ. ಕಾಣುವುದು ನಡುವಿನ ಚೆಂಡು ಒಂದೇ. ನಿಂತಾಗಲೇ ನಿರ್ಧಾರ, ಬಾಗಿದ ಮೇಲೆ ಬರೀ ಹೊಡೆತ. ಮೊದಲ ದಿನ ನಾಲ್ಕು. ವಾರದಲ್ಲಿ ಆರು. ಚೆಂಡು ಬಿದ್ದ ಸದ್ದು ಮಾತ್ರ ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ಫೆಬ್ರವರಿಯ ಅಷ್ಟಮಿಗೆ ಎಂಟು, ಹುಣ್ಣಿಮೆಗೂ ಎಂಟು. ಮಾಸ್ತರ ಕ್ಯಾಲೆಂಡರಿನಲ್ಲಿ ಬಾಣಗಳು ಮುಗಿದು ಸೊನ್ನೆಗಳು ಬಂದವು. ಆಮೇಲೆ ಗೋಣಿ ತೆಗೆದರು. ಎರಡು ದಿನ ಮೊಣಕೈ ಹಳೆಯದನ್ನು ನೆನೆಸಿಕೊಂಡಿತು. ಮೂರನೆಯ ದಿನ ಬಿಟ್ಟುಬಿಟ್ಟಿತು.

ಬಿಟ್ಟದ್ದು ಎಲ್ಲ ಕಡೆಯೂ ಬಿಟ್ಟಿತು ಎಂಬುದು ಗೊತ್ತಾದದ್ದು ಹೊಳೆಯ ಮೇಲೆ.

ಆ ವಾರದ ಒಂದು ಬೆಳಿಗ್ಗೆ ಇಪ್ಪತ್ತೆರಡು ಜನರಿದ್ದ ದೋಣಿ ಕಟ್ಟೆಗೆ ಹೋಗುವ ಬದಲು ನೂರು ಮಾರು ಕೆಳಗೆ, ಕೆಸರಿನಲ್ಲಿ ಹೋಗಿ ಕುಳಿತಿತು. ದಿನಾ ಅದೇ ದೋಣಿಯಲ್ಲಿ ಶಾಲೆಗೆ ಕಲಿಸಲು ಹೋಗುವ ಭಾರತಿ ಬಾಯಿ ಸೀರೆ ಎತ್ತಿಕೊಂಡು ಮೊಣಕಾಲು ಮುಳುಗುವ ಕೆಸರಿಗೆ ಇಳಿದರು.

"ಶನಿಯಾರ, ನಾ ಕಲ್ಸೂದು ಮೂರನೇ ಕ್ಲಾಸು. ಇವತ್ತು ಮಕ್ಕಳು ನಂಗೆ ಮೈ ತೊಳ್ಕಂಡು ಬಾ ಹೇಳ್ತಾವೆ."

"ತಪ್ಪಾಯ್ತು ಬಾಯೋರೆ."

"ಕಣ್ಣು ಕಾಣ್ತದ ಇಲ್ವ?"

"ಕಾಣ್ತದೆ. ನೇರ ಕಾಣ್ತದೆ. ಅದೇ ತೊಂದ್ರೆ."

ಕುಮಾರನಿಗೆ ಸುದ್ದಿ ಮುಟ್ಟಿತು. ಇನ್ನೊಮ್ಮೆ ಹೀಗಾದರೆ ಏಪ್ರಿಲಿನವರೆಗೆ ಕಾಯುವುದಿಲ್ಲ ಎಂದ. ಬೀರಾ ಗಳದ ತುದಿ ಪರೀಕ್ಷಿಸಿ, ನಂತರ ಶನಿಯಾರನ ಮುಖ ಪರೀಕ್ಷಿಸಿದ. "ಎಂತ ಆಯ್ತೋ ನಿಂಗೆ? ನಿನ್ನಪ್ಪ ಕುಡ್ಕಂಡೂ ಕಟ್ಟೆಗೇ ಮುಟ್ಸ್ತಿದ್ದ."

ಆ ದಿನ ಸಂಜೆ ಗಂಜಿಯ ಮುಂದೆ ಸುಕ್ರಿ ಲೆಕ್ಕ ಕಟ್ಟಿದಳು. "ಅಲ್ಲಿ ಎಂಟು ಆಗ್ಲಿಲ್ಲ ಅಂದ್ರೆ ಕೋಲೂ ಇಲ್ಲ. ಇಲ್ಲಿ ಗಳವೂ ಇಲ್ಲ. ಆಮೇಲೆ ನನ್ನ ಜೊತೆ ಬಳಚು ಹೆಕ್ಕೂಕೆ ಬತ್ತೆ. ಅದಾದ್ರೂ ಬಗ್ಗಿ ಮಾಡೂ ಕೆಲ್ಸ, ನಿಂಗೆ ರೂಢಿ ಆಗಿದೆ."

"ಬಿಡು ಅಂತ್ಯಾ?"

"ಬಿಡು ಅಂದ್ನಾ ನಾನು? ಎಂಟು ಮಾಡು ಅಂದೆ."

ಅಂದಿನಿಂದ ದೋಣಿಯಲ್ಲಿ ಅವನು ಮೈಗೆ ಬದಲಾಗಿ ಬಾಯಿಯನ್ನು ನಂಬಿದ. ಗಳ ಹಾಕುವಾಗ "ಮೇಲೆ, ಮೇಲೆ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅದನ್ನು ಮಂತ್ರವೆಂದು ತಿಳಿದ ಒಬ್ಬಳು ಮುದುಕಿ ಕೈಮುಗಿದಳು.

ಮಾರ್ಚಿನ ಮೂರನೆಯ ಭಾನುವಾರ ಅವನೂ ತುಳಸಿದಾಸನೂ ಬೆಳಗಿನ ಬಸ್ಸಿಗೆ ಕಾರವಾರಕ್ಕೆ ಹೊರಟರು. ಸುಕ್ರಿ ಒಗೆದು ಮಡಿಸಿಟ್ಟ ಅಂಗಿ ಹಾಕಿಕೊಂಡಿದ್ದ; ತೋಳು ಬಿಗಿಯಾಗುತ್ತದೆಂದು ಬಸ್ಸಿನಲ್ಲೇ ಮೊಣಕೈಯವರೆಗೆ ಮಡಚಿದ. ಅರ್ಗಾ ದಾಟುವಾಗ ತುಳಸಿದಾಸ, "ಈ ಊರವ್ರೂ ಎಲ್ಲಾ ಜಾಗ ಬಿಡ್ಬೇಕಂತೆ, ನೇವಿಯವ್ರಿಗೆ," ಎಂದ. ಶನಿಯಾರ ಕಿಟಕಿಯಿಂದ ನೋಡಿದ.

ಕ್ಲಬ್ಬಿನ ಕೋಣೆಯಲ್ಲಿ ಆರೇಳು ಸದಸ್ಯರು ಚಹಾ ಕುಡಿಯುತ್ತ ಕುಳಿತಿದ್ದರು. ಕಾರ್ಯದರ್ಶಿ ಮಧುಕರ ಸರಕಾರಿ ಕಚೇರಿಯೊಂದರಲ್ಲಿ ಮ್ಯಾನೇಜರು. ದಪ್ಪ ಕನ್ನಡಕ, ಇಸ್ತ್ರಿ ಮುರಿಯದ ಬಿಳಿ ಅಂಗಿ. ಮೂಲೆಯ ಬೆಂಚಿನ ಮೇಲೆ ಸುನೀಲ ಎಂಬ ಯುವಕ. ಮಧುಕರರ ತಂಗಿಯ ಮಗ, ಸದಾಶಿವಗಡದವನು. ಹಿಂದಿನ ಭಾನುವಾರ ಹತ್ತರಲ್ಲಿ ಏಳು ಹೊಡೆದಿದ್ದ.

"ನಿನ್ನಿಂದ ಎಂಟು ಆಗದಿದ್ದರೆ ಇವನನ್ನೇ ಇಟ್ಟುಕೊಳ್ಳೂದು ಅಂತ ಕಮಿಟಿ ತೀರ್ಮಾನ," ಎಂದರು ಮಧುಕರ. "ತಂಗಿ ಮಗ ಅಂತ ಅಲ್ಲ ಬಾಬಾ. ಅವನಿಗೆ ಏಳು ಆಗಿದೆ, ಅದಕ್ಕೆ."

ಆ ಮಾತು ನಿಜವಾಗಿತ್ತು. ಮಧುಕರ ಮೋಸ ಗೊತ್ತಿಲ್ಲದ ಮನುಷ್ಯ. ಚೆಂಡುಗಳನ್ನು ಇಡುವ ಕೆಲಸವನ್ನು ಕೂಡ ಬೇರೆಯವರಿಗೆ ಬಿಡದೆ ತಾವೇ ಮಾಡುತ್ತಿದ್ದರು. ಬಿಳಿ ಇಟ್ಟು, ಬಣ್ಣದ್ದು ಇಟ್ಟು, ಹಿಂದೆ ಸರಿದು, ಕನ್ನಡಕ ಸರಿಪಡಿಸಿಕೊಂಡು ಗೆರೆ ನೋಡಿ, "ಹೂಂ" ಎನ್ನುತ್ತಿದ್ದರು.

ಮೊದಲ ನಾಲ್ಕು ಹೋದವು. ನಾಲ್ಕರಲ್ಲೂ ಬಿಳಿ ನಿಂತಲ್ಲೇ ನಿಂತಿತು. ಪೇಪರು ಓದುತ್ತಿದ್ದ ಡಾಕ್ಟರರೊಬ್ಬರು ಪೇಪರು ಮಡಚಿದರು. ಐದನೆಯದು ಬಿತ್ತು, ಆದರೆ ಬಿಳಿ ಒಂದು ಗೇಣು ಪಕ್ಕಕ್ಕೆ ಸರಿಯಿತು. ಲೆಕ್ಕವಿಲ್ಲ. ಆರು, ಏಳು ಹೋದವು. ಎಂಟನೆಯದು ಪಾಕೆಟ್ಟಿನ ತುಟಿಯಲ್ಲಿ ನಡುಗಿ ಹೊರಗುಳಿಯಿತು. ಒಂಬತ್ತು ಹೋಯಿತು. ಒಟ್ಟು ಏಳು. ಉಳಿದದ್ದು ಒಂದು.

ಮಧುಕರ ಹತ್ತನೆಯದನ್ನು ಇಟ್ಟು "ಹೂಂ" ಎಂದರು. ಶನಿಯಾರ ಗೆರೆ ನೋಡಿದ. ಬಾಗಿದ. ಎದ್ದ. ಇನ್ನೊಮ್ಮೆ ನೋಡಿದ. ಬಾಗಿ, ಮತ್ತೆ ಎದ್ದ.

"ಏನಾಯ್ತು?" ಎಂದರು ಮಧುಕರ.

"ಸಾಹೇಬ್ರೆ, ಇದು ನೇರ ಇಲ್ಲ."

ಚಹಾದ ಬಸಿಯೊಂದು ಎಲ್ಲೋ ಸದ್ದು ಮಾಡಿತು.

"ಹದಿನೈದು ವರ್ಷದಿಂದ ಇಡ್ತಾ ಇದ್ದೇನೆ ನಾನು," ಎಂದರು ಮಧುಕರ.

"ಹೌದು ಸಾಹೇಬ್ರೆ. ಇದು ನೇರ ಇಲ್ಲ."

ತುಳಸಿದಾಸ ಹತ್ತಿರ ಬಂದು ಅವನ ಕಿವಿಯಲ್ಲಿ, "ಸುಮ್ನೆ ಹೊಡಿಯೋ. ಒಂಚೂರು ಕೊಟ್ಟು ಹೊಡಿ, ಬೀಳ್ತದೆ," ಎಂದ.

"ಬೀಳ್ತದೆ. ಬಿಳಿ ನಿಲ್ಲೂದಿಲ್ಲ."

"ಒಂಚೂರು ಕೊಟ್ರೆ…"

"ಕೊಡೂದು ಬಿಟ್ಟಾಗಿದೆ ದಾಸಾ," ಎಂದ ಶನಿಯಾರ, ಮೆಲ್ಲಗೆ ಅಲ್ಲ. ಕೋಲನ್ನು ನೆಲಕ್ಕೆ ಊರಿ, ದೋಣಿ ತುಂಬುವುದನ್ನು ಕಾಯುವವನ ಹಾಗೆ ನಿಂತ. ತಾರಿಯಲ್ಲಿ ಇಪ್ಪತ್ತು ವರ್ಷ ಯಾವ ಸಾಹೇಬರಿಗೂ ಅವನು ಎದುರಾಡಿದವನಲ್ಲ. ದೋಣಿಯಲ್ಲಿ ಓರೆಯಾಗಿ ಕೂತವರಿಗೂ ಸರಿದು ಕೂರಿ ಎನ್ನದೆ, ಆ ಭಾರವನ್ನೂ ಗಳದಲ್ಲೇ ಸರಿದೂಗಿಸಿದವನು.

"ಜಗಳ ಯಾಕೆ, ದಾರ ಹಿಡಿದು ನೋಡುವಾ," ಎಂದರು ಡಾಕ್ಟರು. ದಾರ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಬಂದಾಗ, ಆರು ಜನ ಸರಕಾರಿ ನೌಕರರಿದ್ದ ಕೋಣೆಯಲ್ಲಿ ಅದು ದೊಡ್ಡ ಪ್ರಶ್ನೆಯಾಗಲಿಲ್ಲ. ಕಪಾಟಿನ ಕಡತವೊಂದನ್ನು ಬಿಚ್ಚಿ ಅದರ ಕೆಂಪು ದಾರ ತೆಗೆದರು. ಡಾಕ್ಟರು ಒಂದು ತುದಿಯನ್ನು ಪಾಕೆಟ್ಟಿನ ನಡುವೆ ಒತ್ತಿ ಹಿಡಿದರು. ತುಳಸಿದಾಸ ಇನ್ನೊಂದು ತುದಿಯನ್ನು ಬಿಳಿ ಚೆಂಡಿನ ನೆತ್ತಿಯ ಮೇಲೆ ಎಳೆದು ಹಿಡಿದ. ನಡುವಿನ ಚೆಂಡಿನ ನೆತ್ತಿಯಿಂದ ದಾರ ಒಂದು ಹುಣಸೆಬೀಜದಷ್ಟು ಆಚೆ ಹೋಗಿತ್ತು.

ಮಧುಕರ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ದಾರ ಅಲ್ಲೇ ಇತ್ತು. ಅವರ ಕಿವಿ ಕೆಂಪಾದವು. ಆದರೆ ಬಾಯಿ ತೆರೆದಾಗ ಮಾತಾಡಿದ್ದು ಅವರೊಳಗಿನ ಮ್ಯಾನೇಜರು.

"ಹಾಗಾದರೆ ಇದಕ್ಕೆ ಮೊದಲಿನ ಒಂಬತ್ತೂ ನಾನೇ ಇಟ್ಟದ್ದು."

"ಇರ್ಲಿ ಸಾಹೇಬ್ರೆ, ಇದೊಂದು ಸರಿ ಮಾಡಿ…" ಎಂದ ತುಳಸಿದಾಸ.

"ಇರ್ಲಿ ಅಂದ್ರೆ ಹೇಗೆ? ಸುನೀಲನಿಗೆ ಇಟ್ಟದ್ದೂ ನಾನೇ. ಅವನ ಮೂರು ತಪ್ಪಿದ್ದು ಅವನ ತಪ್ಪೋ ನನ್ನ ತಪ್ಪೋ? ಎಲ್ಲಾ ರದ್ದು. ಇಬ್ಬರಿಗೂ ಹೊಸದಾಗಿ ಹತ್ತು. ಪ್ರತಿಯೊಂದಕ್ಕೂ ದಾರ."

ತುಳಸಿದಾಸ ಗೋಡೆಯ ಕಡೆ ತಿರುಗಿ ಕೊಂಕಣಿಯಲ್ಲಿ ಏನೋ ಅಂದ. ಅದನ್ನು ಇಲ್ಲಿ ಬರೆಯಬೇಕಾಗಿಲ್ಲ. ಬಾಯಿ ಮುಚ್ಚಿಕೊಂಡು ಒಂದು ಹೊಡೆದಿದ್ದರೆ ಮುಗಿಯುತ್ತಿತ್ತು. ಈಗ ಕೈಯಲ್ಲಿದ್ದ ಏಳೂ ಹೋದವು.

"ಆಗ್ತದಾ?" ಎಂದು ಮಧುಕರ ಶನಿಯಾರನನ್ನು ಕೇಳಿದರು.

"ಹೊಡಿತೆ," ಎಂದ ಶನಿಯಾರ. "ಚೆಂಡು ನಾನೇ ಇಡ್ತೆ. ದಾರ ನೀವು ಹಿಡೀರಿ."

ಅವನು ಇಟ್ಟ. ಅವರು ಹಿಡಿದರು. ದಾರ ಎರಡೂ ನೆತ್ತಿಗಳ ನಟ್ಟನಡುವೆ ಬೈತಲೆ ತೆಗೆದಂತೆ ಹೋಯಿತು. ಎರಡನೆಯ ಸಲವೂ ಹಾಗೇ. ನಾಲ್ಕನೆಯದರ ಹೊತ್ತಿಗೆ ಡಾಕ್ಟರು ದಾರ ಹಿಡಿಯುವುದು ಅನಗತ್ಯವೆಂದರು, ಮಧುಕರ ಒಪ್ಪಲಿಲ್ಲ. ಮೊದಲ ಎರಡು ಹೋದವು. ಮೂರನೆಯದು ತಪ್ಪಿತು, ಕೂದಲೆಳೆಯಷ್ಟು. ಶನಿಯಾರ ಆ ಮೂಲೆಯನ್ನು ಒಂದು ಕ್ಷಣ ನೋಡಿ, ನಾಲ್ಕನೆಯದನ್ನು ಇಟ್ಟ. ಆಮೇಲೆ ಕೋಣೆಯಲ್ಲಿ ಕೇಳಿದ್ದು ಮೂರೇ ಸದ್ದು: ಕೋಲು ಬಿಳಿಗೆ, ಬಿಳಿ ಬಣ್ಣಕ್ಕೆ, ಬಣ್ಣ ಪಾಕೆಟ್ಟಿಗೆ. ಏಳು ಸಲ. ಏಳೂ ಸಲ ಬಿಳಿ ನಿಂತಲ್ಲೇ ನಿಂತಿತು. ಒಟ್ಟು ಒಂಬತ್ತು.

ಸುನೀಲ ಕೋಲು ತೆಗೆದುಕೊಂಡ. ಪಾಪ, ಅವನು ಕಲಿತದ್ದು ಮಾವ ಇಟ್ಟ ಚೆಂಡುಗಳ ಮೇಲೆ, ಮಾವನ ಗೆರೆಯ ಮೇಲೆ. ದಾರದ ಗೆರೆ ಅವನಿಗೆ ಪರದೇಶ. ಐದು ಹೋದವು. "ಬರೋಬರ್ ಸೊಟ್ಟ ಇದ್ದಾಗ ಚೆನ್ನಾಗಿ ಬೀಳ್ತಿತ್ತು," ಎಂದ, ಯಾರನ್ನೂ ನೋಡದೆ. ಎಲ್ಲರಿಗಿಂತ ಮೊದಲು ನಕ್ಕವರು ಮಧುಕರ.

"ಒಂದನೇ ತಾರೀಖಿಗೆ ಬಾ," ಎಂದರು ಶನಿಯಾರನಿಗೆ. "ಹಿಂದಿನ ಕೋಣೆ ಸುಣ್ಣ ಹೊಡೆಸಿಡ್ತೇನೆ. ಮನೆಯವರನ್ನೂ ಕರಕೊಂಡು ಬಾ."

"ಅವಳಿಗೆ ಹೊಳೆ ಬೇಕು ಸಾಹೇಬ್ರೆ."

"ಇಲ್ಲೂ ಕಾಳಿ ಹೊಳೆ ಇದೆಯಲ್ಲ."

"ಕೇಳಿ ನೋಡ್ತೆ."

ಸದಸ್ಯರು ಎದ್ದರು. ಯಾರೋ ಕೆಂಪು ದಾರವನ್ನು ಕಡತಕ್ಕೆ ಮತ್ತೆ ಕಟ್ಟಿದರು. ತುಳಸಿದಾಸ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು, "ನಡೀಯೋ, ಒಂದೂವರೆ ಬಸ್ಸಿದೆ. ಸುಕ್ರಿ ಬಸ್‌ಸ್ಟ್ಯಾಂಡಲ್ಲೇ ಕೂತಿರ್ತಾಳೆ," ಎಂದ.

ತಿರುಗಿ ನೋಡಿದರೆ ಶನಿಯಾರ ಕೋಲು ಇನ್ನೂ ಕೆಳಗಿಟ್ಟಿರಲಿಲ್ಲ. ಬಿಳಿ ಚೆಂಡನ್ನು ಈಚೆ ಮೂಲೆಯಲ್ಲಿ ಇಟ್ಟು, ಬಣ್ಣದ್ದೊಂದನ್ನು ನಡುವೆ ಇಟ್ಟು, ಗೆರೆ ನೋಡುತ್ತಿದ್ದ.

"ಆಯ್ತಲ್ಲ ಮಾರಾಯಾ, ಕೆಲ್ಸ ಸಿಕ್ತು. ಇನ್ನೆಂತ?"

"ಬಸ್ಸು ಮೂರಕ್ಕೂ ಇದೆ," ಎಂದ ಶನಿಯಾರ. "ಆ ಮೂರನೇದು ಯಾಕೆ ಹೋಗ್ಲಿಲ್ಲ ಹೇಳಿ ನೋಡ್ಬೇಕು."

ಮತ್ತೆ ಬಾಗಿದ.